ಓದುವ ದಿಕ್ಕಿಗೆ ಓಡಿದ ಕುದುರೆ

ಅಕ್ಕನ ಲಾಯದ ಕುದುರೆ ಇದ್ದಿಲು ನನ್ನ ತೋಳಿನ ಬಟ್ಟೆ ಕಚ್ಚಿ ಎಳೆಯುತ್ತಿತ್ತು. "ಬಿಡೋ, ಇರೋದೇ ಒಂದು ಒಳ್ಳೆ ಅಂಗಿ" ಎಂದು ಬೈದು, ಅದರ ಮುಖಕ್ಕೆ ತೊಗಲಿನ ಪಟ್ಟಿ ಏರಿಸಿದೆ. ಕಿವಿಯ ಹಿಂದಿನಿಂದ ಇಳಿದ ಪಟ್ಟಿಯನ್ನು ಕೆನ್ನೆಯ ಹತ್ತಿರ ಬಕಲ್ಲಿಗೆ ಸಿಕ್ಕಿಸುತ್ತಿದ್ದ ಕೈ ಹಾಗೇ ನಿಂತುಹೋಯಿತು.

ಬಕಲ್ಲು ಎಡಗೆನ್ನೆಯ ಮೇಲಿತ್ತು.

ಅದರಲ್ಲಿ ಹೊಸದೇನಿಲ್ಲ. ಮುಖಪಟ್ಟಿಗೆ ಇರುವುದೇ ಒಂದು ಬಕಲ್ಲು, ಅದಿರುವುದು ಎಡಗಡೆ. ಕುದುರೆಯನ್ನು ಹಿಡಿಯುವುದು ಎಡಗಡೆಯಿಂದ, ಹತ್ತುವುದು ಎಡಗಡೆಯಿಂದ, ಬೈಯುವುದೂ ಎಡಗಡೆ ನಿಂತೇ. ಚಿಕ್ಕವಳಿದ್ದಾಗ ಒಮ್ಮೆ ಬಲಗಡೆಯಿಂದ ಹೋಗಿ ಎರಡು ಸಲ ಒದೆ ತಿಂದಿದ್ದೆ. ಮೊದಲನೆಯದು ಕುದುರೆಯಿಂದ, ಎರಡನೆಯದು ಅಕ್ಕನಿಂದ.

ಜೇಬಿನಿಂದ ಫೋಟೋ ತೆಗೆದು ಲಾಯದ ಕಿಟಕಿಯ ಬೆಳಕಿಗೆ ಹಿಡಿದೆ. ಹೆಸರಿಲ್ಲದ ಲಕೋಟೆಯಲ್ಲಿ ಪಂದ್ಯದ ವಿಚಾರಣಾ ಸಮಿತಿಗೆ ಬಂದಿದ್ದ ಆ ಕಪ್ಪುಬಿಳುಪು ಫೋಟೋದ ಪ್ರತಿಯನ್ನು, ಅಕ್ಕನ ಪರ ಪತ್ತೆಗೆ ಇಳಿದಾಗಿನಿಂದ, ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಬರೀ ಮುಖಪಟ್ಟಿ ತೊಟ್ಟ ಕರಿ ಕುದುರೆಯೊಂದು ಅಂಗಳದಲ್ಲಿ ಎಡದಿಂದ ಬಲಕ್ಕೆ ಓಡುತ್ತಿದೆ. ಹಿಂದಿನ ಗೋಡೆ ಬರೀ ಗೆರೆ ಗೆರೆಯಾಗಿದೆ. ತಲೆ ಮಾತ್ರ ಕೊರೆದಿಟ್ಟಷ್ಟು ಸ್ಪಷ್ಟ. ಮೂರು ಕಾಲು ಹೊಗೆಯ ಹಾಗೆ ಕಲಸಿಹೋಗಿವೆ. ನಾಲ್ಕನೆಯದು, ಆಚೆ ಬದಿಯ ಎಡ ಮುಂಗಾಲು, ನೆಲಕ್ಕೆ ಊರಲಾಗದೆ ಗಾಳಿಯಲ್ಲಿ ತೂಗುತ್ತಿರುವುದರಿಂದ ಚೆನ್ನಾಗಿ ಮೂಡಿದೆ. ಆ ಕಾಲಿನ ಪಾದ ಬಿಳಿ.

ಎಡ ಮುಂಗಾಲು ಬಿಳಿ ಇದ್ದ ಕರಿ ಕುದುರೆ ಅಕ್ಕನ ಲಾಯದಲ್ಲಿ ಒಂದೇ, ಮಸಿ. ಪಂದ್ಯದ ನಡುವೆ ಅದೇ ಕಾಲು ಮುರಿದು ಬಿದ್ದು, ನರಳದಿರಲೆಂದು ಹೊಡೆದ ಗುಂಡೇಟಿನಿಂದ ಅಲ್ಲೇ ಸತ್ತವಳು. ಅವಳ ಮೇಲಿದ್ದ ಸವಾರ ಇನ್ನೂ ಆಸ್ಪತ್ರೆಯ ಹಾಸಿಗೆ ಬಿಟ್ಟು ಎದ್ದಿಲ್ಲ. ಗೆರೆಗಳ ನಡುವೆ ಮಸುಕಾಗಿ ಕಂಡ, ಆ ವಾರವಷ್ಟೇ ಗೋಡೆಗೆ ಒರಗಿದ್ದ ಸುಣ್ಣ ಬಳಿಯುವವರ ಏಣಿಯಿಂದಾಗಿ ಫೋಟೋ ಪಂದ್ಯದ ಹಿಂದಿನ ವಾರದ್ದೆಂಬುದೂ ಗೊತ್ತಾಗಿತ್ತು. ಕುಂಟುತ್ತಿದ್ದ ಕುದುರೆಯನ್ನು ಗೊತ್ತಿದ್ದೂ ಓಡಿಸಿದ ತರಬೇತುಗಾರ್ತಿ ಎಂದು ಸಮಿತಿ ಇವತ್ತು ಬರೆದರೆ, ಅಕ್ಕ ಜೀವಮಾನದಲ್ಲಿ ಮತ್ತೆ ಯಾವ ಲಾಯದ ಬಾಗಿಲಿಗೂ ಕಾಲಿಡುವಂತಿಲ್ಲ. "ಮಸಿ ಒಂದು ದಿನಾನೂ ಕುಂಟಿಲ್ಲ ಕಣೇ" ಎಂದು ಅವಳು ಅತ್ತದ್ದನ್ನು ನಂಬಿದವಳು ನಾನೊಬ್ಬಳೇ.

ಈಗ ಭೂತಗನ್ನಡಿ ಹಿಡಿದು ಫೋಟೋದಲ್ಲಿನ ಕೆನ್ನೆ ನೋಡಿದೆ. ಬಲಕ್ಕೆ ಓಡುವ ಕುದುರೆ ನಮಗೆ ತೋರಿಸುವುದು ಬಲಗೆನ್ನೆ. ಆ ಬಲಗೆನ್ನೆಯ ಮೇಲೆ ಬಕಲ್ಲು ಹೊಳೆಯುತ್ತಿತ್ತು.

ಬಲಗಡೆ ಬಕಲ್ಲಿರುವ ಪಟ್ಟಿಯನ್ನು ಯಾರೂ ಹೊಲಿಯುವುದಿಲ್ಲ. ಅಂದರೆ ಫೋಟೋವನ್ನೇ ತಿರುಗಿಸಿ ಅಚ್ಚು ಹಾಕಿದ್ದಾರೆ, ಕನ್ನಡಿಯಲ್ಲಿ ಕಂಡ ಹಾಗೆ. ನಿಜವಾದ ಕುದುರೆ ಓಡಿದ್ದು ಎಡಕ್ಕೆ. ಕುಂಟಿದ್ದು ಬಲ ಮುಂಗಾಲು. ಬಿಳಿಯಿದ್ದದ್ದೂ ಬಲ ಮುಂಗಾಲೇ.

ಬಗ್ಗಿ ನೋಡಿದೆ. ನನ್ನ ಅಂಗಿಯ ತೋಳು ಅಗಿಯುತ್ತಿದ್ದ ಇದ್ದಿಲಿನ ಬಲ ಮುಂಗಾಲು, ಪಾದದ ಹತ್ತಿರ, ಅಚ್ಚ ಬಿಳಿ. ಮಸಿಯ ತಮ್ಮ ಇವನು, ಅವಳಷ್ಟೇ ಕಪ್ಪು. ಪಂದ್ಯದ ಹಿಂದಿನ ವಾರ ಗೊರಸಿನಲ್ಲಿ ಕೀವಾಗಿ ಮೂರೇ ಕಾಲಲ್ಲಿ ಕುಪ್ಪಳಿಸುತ್ತಿದ್ದ. ಅದು ಲಾಯಕ್ಕೆಲ್ಲ ಗೊತ್ತು. ಡಾಕ್ಟರು ಬಂದು ಮದ್ದು ಹಾಕಿದ್ದರು. ಆದರೆ ಸಮಿತಿಯವರೆಲ್ಲ ನೋಡಿದ್ದು ಕಾಲನ್ನು. ಎಡಗಾಲು ಬಿಳಿ, ಆದ್ದರಿಂದ ಮಸಿ ಎಂದು ಮುಗಿಸಿದ್ದರು. ಕುದುರೆ ಯಾವುದೆಂಬುದರಲ್ಲಿ ಮಾತ್ರ ನಾನೂ ಅವರ ಹಿಂದೆಯೇ ತಲೆಯಾಡಿಸಿದ್ದೆ.

ಕುಣಿಯಬೇಕೆನಿಸಿತು. ಇದ್ದಿಲಿನ ಹಣೆಗೆ ಮುತ್ತು ಕೊಟ್ಟು, ಅಲ್ಲೇ ನಿಂತು ಅಕ್ಕನಿಗೆ ಫೋನ್ ಮಾಡಿದೆ. ಫೋಟೋದಲ್ಲಿರುವುದು ಮಸಿಯಲ್ಲ, ಉಳಿದದ್ದು ಆಮೇಲೆ ಹೇಳುತ್ತೇನೆ ಎಂದೆ. ಆಮೇಲೆ ವಿಚಾರಣಾಧಿಕಾರಿಗೆ ಮಾಡಿದೆ. ಅವರು ಸುಣ್ಣದಂಥ ಮನುಷ್ಯ, ಬಿಳುಪು ಇದೆ, ಸವಿ ಇಲ್ಲ. ಬಕಲ್ಲಿನ ಮಾತು ಚೆನ್ನಾಗಿದೆ, ಆದರೆ ಬಕಲ್ಲು ಸಾಕ್ಷಿ ಹೇಳುವುದಿಲ್ಲ, ನೆಗೆಟಿವ್ ತನ್ನಿ ಎಂದರು. ಅದೂ ಫಿಲ್ಮಿನ ಪೂರ್ತಿ ಪಟ್ಟಿ ಇರಬೇಕು, ಕತ್ತರಿಸಿದ ತುಂಡನ್ನು ತಂದರೆ ಮೇಜಿನ ಮೇಲೆ ಇಡಲೂ ಬಿಡುವುದಿಲ್ಲವಂತೆ.

ನೆಗೆಟಿವ್ ಎಲ್ಲಿ ಸಿಗುತ್ತದೆ ಎಂದು ಕೇಳಿದರು. ಗಡಿಯಾರದಂಗಡಿಯ ಮೇಲಿನ ಸ್ಟುಡಿಯೋಗೆ ಬನ್ನಿ ಎಂದೆ, ಯಾರದೆಂದು ಹೇಳದೆ ಫೋನ್ ಇಟ್ಟೆ.

ಯಾರದೆಂದು ನನಗೆ ಗೊತ್ತಿತ್ತು. ಓಡುವ ಪ್ರಾಣಿಯನ್ನು ತಿರುಗಿಸಿ ಅಚ್ಚು ಹಾಕುವ ಅಭ್ಯಾಸ ಇರುವುದು ಒಬ್ಬರಿಗೇ.

*

ಅಕ್ಕನ ಗಂಡ, ನನ್ನ ಭಾವನ ಸ್ಟುಡಿಯೋ ಗಡಿಯಾರ ರಿಪೇರಿ ಅಂಗಡಿಯ ಮೇಲಿನ ಮಹಡಿಯಲ್ಲಿದೆ. ಮರದ ಮೆಟ್ಟಿಲು ಹತ್ತಿದರೆ ಉದ್ದನೆಯ ಹಜಾರ. ಎರಡೂ ಗೋಡೆಯ ತುಂಬ ಅವರ ಹೆಸರು ದೂರದೂರಕ್ಕೆ ಒಯ್ದ ಫೋಟೋಗಳು, ಎಲ್ಲ ಕಪ್ಪುಬಿಳುಪು. ಸೈಕಲ್ಲು ಅಟ್ಟಿಸಿಕೊಂಡು ಹೋಗುವ ಬೀದಿನಾಯಿಯ ಚಿತ್ರದಲ್ಲಿ ಸೈಕಲ್ಲು ಬರೀ ಗೆರೆ, ನಾಯಿಯ ಕಣ್ಣು ಮಾತ್ರ ಚುಕ್ಕೆಯ ಹಾಗೆ ನಿಂತಿದೆ. ಎರಡು ಚಾವಣಿಗಳ ನಡುವೆ ನಾದಿದ ಹಿಟ್ಟಿನಂತೆ ಎಳೆದುಕೊಂಡ ಬೆಕ್ಕು ಇನ್ನೊಂದರಲ್ಲಿ. ಚರಂಡಿ ಹಾರುವ ಮೇಕೆಗಳ ಹಿಂಡೂ ಇದೆ.

ಕ್ಯಾಮೆರಾದ ಕಣ್ಣು ಬೇಗ ಮುಚ್ಚದಂತೆ ಇಟ್ಟು, ಪ್ರಾಣಿ ಓಡುವಷ್ಟೇ ವೇಗದಲ್ಲಿ ಕ್ಯಾಮೆರಾವನ್ನೂ ತಿರುಗಿಸುತ್ತ ಹೋಗಬೇಕು. ಆಗ ಲೋಕವೆಲ್ಲ ಕಲಸಿಹೋಗಿ ಪ್ರಾಣಿ ಉಳಿಯುತ್ತದೆ. ಭಾವನನ್ನು ನೋಡಿ ಕಲಿತವರು ಡಜನ್ನುಗಟ್ಟಲೆ ಇದ್ದಾರೆ. ಆದರೆ ಅವರಾರಿಗೂ ಗೊತ್ತಿಲ್ಲದ ಒಂದು ಗುಟ್ಟನ್ನು ಭಾವ ಹಿಂದೊಮ್ಮೆ ಊಟದ ಮೇಜಿನಲ್ಲಿ ನನ್ನ ಕಿವಿಯಲ್ಲಿ ಉಸುರಿದ್ದರು. ನಮ್ಮ ಕಣ್ಣಿಗೆ ಎಡದಿಂದ ಬಲಕ್ಕೆ ಓದಿ ರೂಢಿ. ಓಡುವುದು ಓದುವ ದಿಕ್ಕಿಗೇ ಓಡಬೇಕು, ಎದುರು ಬಂದರೆ ಓಟ ಸತ್ತುಹೋಗುತ್ತದೆ. ಅದಕ್ಕೇ ಎಡಕ್ಕೆ ಓಡಿದ್ದನ್ನೆಲ್ಲ ಅವರು ತಿರುಗಿಸಿ ಅಚ್ಚು ಹಾಕುತ್ತಿದ್ದರು. ಗೋಡೆಯ ಮೇಲೆ ಅರ್ಧಕ್ಕರ್ಧ ಅಂಥವೇ. ಹಿನ್ನೆಲೆ ಹೇಗೂ ಕಲಸಿಹೋಗಿರುವುದರಿಂದ ಒಂದು ಬೋರ್ಡಿನ ಅಕ್ಷರವೂ ಅವರನ್ನು ಬಿಟ್ಟುಕೊಡುತ್ತಿರಲಿಲ್ಲ.

ನಕಲು ಮಾಡುವವರು ಗೋಡೆ ನೋಡಿ ಕಲಿಯುತ್ತಾರೆ. ಗೋಡೆ ಇದನ್ನು ಹೇಳುವುದಿಲ್ಲ.

ಈ ಫೋಟೋವನ್ನು ಮೊದಲು ನಾನು ತೋರಿಸಿದ್ದೂ ಭಾವನಿಗೇ. ಅವರು ಕನ್ನಡಕ ಏರಿಸಿ ನೋಡಿ, ನನ್ನ ಕೈ ಅಲ್ಲಮ್ಮ, ಯಾರೋ ನಕಲಿನವನು ಹೊರಗಿನ ಬೇಲಿಯಿಂದ ತೆಗೆದಿದ್ದಾನೆ ಎಂದಿದ್ದರು. ಎದುರು ಲಾಯದವನಿಗೆ ಫೋಟೋ ಹುಚ್ಚಿದೆ ಎಂಬ ಸುಳಿವನ್ನೂ ಕೊಟ್ಟಿದ್ದರು. ಆ ಬಡಪಾಯಿಯ ಹಿಂದೆ ಬಿದ್ದು ಅವನ ಕಸದ ಬುಟ್ಟಿಯನ್ನೂ ಕೆದಕಿ ಬಂದಿದ್ದೆ. ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಪತ್ತೇದಾರಿ ನಾನು.

ಕತ್ತಲಕೋಣೆಯ ಬಾಗಿಲು ತೆರೆದೇ ಇತ್ತು. ಭಾವ ತೊಳೆದ ಫೋಟೋಗಳನ್ನು ಹಗ್ಗಕ್ಕೆ ಕ್ಲಿಪ್ಪು ಹಾಕಿ ನೇತುಹಾಕುತ್ತಿದ್ದರು. ಬೆರಳಿನಿಂದ ನೀರು ತೊಟ್ಟಿಕ್ಕುತ್ತಿತ್ತು.

"ಏನಮ್ಮ ಪತ್ತೇದಾರಿ, ಕಳ್ಳ ಸಿಕ್ಕಿದನಾ?"

ದಿನವೂ ಕೇಳುವ ತಮಾಷೆ ಅದು. ದಿನವೂ ನಾನು ನಗುತ್ತಿದ್ದೆ.

"ಸಿಕ್ಕಿದ ಭಾವ. ಬಕಲ್ಲು ಮರೆತಿದ್ದ."

ಫೋಟೋವನ್ನು ಒದ್ದೆ ಮೇಜಿನ ಮೇಲಿಟ್ಟು ಕೆನ್ನೆಯ ಮೇಲೆ ಬೆರಳಿಟ್ಟೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿಯಲ್ಲ ನಮ್ಮ ಭಾವ. ಅವರು ಬಗ್ಗಿ ನೋಡಿದರು, ತುಂಬ ಹೊತ್ತು ನೋಡಿದರು. ಆಮೇಲೆ ಕೈ ಒರೆಸಿಕೊಂಡು ಸ್ಟೂಲಿನ ಮೇಲೆ ಕೂತರು.

"ಛೆ" ಎಂದರು. "ಮನೇಲಿ ಕುದುರೆಯವಳನ್ನ ಇಟ್ಕೊಂಡು ಅದನ್ನ ನೋಡ್ಲಿಲ್ಲ ನಾನು."

ಅಷ್ಟೇ. ಇಲ್ಲ ಎನ್ನಲಿಲ್ಲ. ಇಲ್ಲ ಎನ್ನಲಿ ಎಂದು ನಾನು ಮೆಟ್ಟಿಲುದ್ದಕ್ಕೂ ಬೇಡಿಕೊಂಡು ಬಂದಿದ್ದೆ. ಅಕ್ಕ ಮದುವೆಯಾಗಿ ಹೊರಟಾಗ ಅವಳ ಜೊತೆಗೇ ನನ್ನನ್ನೂ ಕರೆದುಕೊಂಡು ಹೋಗಿ ಓದಿಸಿದ ಮನುಷ್ಯ ಇವರು. ನನ್ನ ಮೊದಲ ಭೂತಗನ್ನಡಿ ಇವರದೇ ಉಡುಗೊರೆ. ಅದರಲ್ಲೇ ಇವರನ್ನು ಹಿಡಿದೆ. ಅಳು ಬಂತು, ಅದಕ್ಕಿಂತ ಜಾಸ್ತಿ ಸಿಟ್ಟು ಬಂತು.

ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

"ಬೇಕಂತಲೇ ತಿರುಗಿಸಿದ್ರಾ?"

ಇಲ್ಲವಂತೆ. ಇದ್ದಿಲು ಎಡಕ್ಕೆ ಓಡಿತು, ಇವರು ಎಂದಿನಂತೆ ನೆಗೆಟಿವ್ ಮಗುಚಿ ಅಚ್ಚು ಹಾಕಿದರು. ಕಾಗದದ ಮೇಲೆ ಚಿತ್ರ ಮೂಡುವಾಗ ನೋಡಿದರೆ ಬಿಳಿ ಪಾದ ಎಡಕ್ಕೆ ಬಂದು ಕೂತಿತ್ತು. ಆಗ ನಗು ಬಂದಿತ್ತಂತೆ. ಪಂದ್ಯ ಮುಗಿದ ಮೇಲೆ ನಗು ಬರಲಿಲ್ಲ, ಉಪಾಯ ಬಂತು.

"ತಾನಾಗೇ ಮಸಿ ಆಗಿತ್ತು. ನಾನು ಲಕೋಟೆಗೆ ಹಾಕಿದೆ, ಅಷ್ಟೇ."

"ನಿಮ್ಮ ಹೆಂಡತಿ ಭಾವ ಅವಳು."

"ಆ ಹೆಂಡತಿ ಏನಂದಳು ಅಂತ ನಿಂಗೊತ್ತಾ?" ಮೊದಲ ಸಲ ಅವರ ದನಿ ಏರಿತು. "ಮಸಿ ಬಿದ್ದ ದಿನ, ಅದರ ಮೈ ಇನ್ನೂ ಬಿಸಿ ಇತ್ತು. ಕುದುರೆ ಬೆದರಿಸಿದ್ದು ನೀವು, ಸಮಿತಿ ಮುಂದೆ ನಿಮ್ಮ ಹೆಸರೇ ಹೇಳ್ತೀನಿ ಅಂದಳು."

ಬೆದರಿಸಿದ್ದು ಎಂದರೇನು ಎಂದು ಕೇಳಿದೆ.

ಭಾವ ಗೋಡೆಯ ಕಡೆ ಕೈ ತೋರಿಸಿದರು. ಸುಮ್ಮನೆ ಬಿಟ್ಟರೆ ಪ್ರಾಣಿ ಓಡುವುದಿಲ್ಲವಂತೆ, ಮೇಯುತ್ತದಂತೆ. ಓಡಬೇಕಾದರೆ ಬೆನ್ನ ಹಿಂದೆ ಏನಾದರೂ ಆಗಬೇಕು. ತಗಡು ಬಡಿಯಬೇಕು, ಪಟಪಟ ಎನ್ನುವ ಟಾರ್ಪಾಲು ಬೀಸಬೇಕು. ಇದ್ದಿಲು ಮೂರು ಕಾಲಲ್ಲಿ ಓಡಿದ್ದೂ ಹಾಗೆಯೇ, ಕೀವು ತುಂಬಿದ ಗೊರಸು ಎತ್ತಿಕೊಂಡು.

ನಾನು ಹಜಾರದ ಕಡೆ ತಿರುಗಿದೆ. ಸೈಕಲ್ಲಿನ ಹಿಂದೆ ಖುಷಿಯಿಂದ ಓಡುತ್ತಿದ್ದ ನಾಯಿಯ ಕಿವಿ ತಲೆಗೆ ಅಂಟಿತ್ತು, ಕಣ್ಣಿನಲ್ಲಿ ಬಿಳಿ ಕಾಣುತ್ತಿತ್ತು. ಬೆಕ್ಕಿನ ಬಾಲ ಪೊರಕೆಯಾಗಿತ್ತು. ಇಷ್ಟು ವರ್ಷ ನಾನು ಓಟ ಎಂದುಕೊಂಡಿದ್ದೆಲ್ಲ ಓಡಿಹೋಗುವುದಾಗಿತ್ತು. ಬಂದವರಿಗೆಲ್ಲ ಹೆಮ್ಮೆಯಿಂದ ತೋರಿಸಿದ್ದೆ, ನಮ್ಮ ಭಾವನ ಕೈಚಳಕ ಎಂದು.

"ಪ್ರಾಣಿ ಬೆದರಿಸಿ ಫೋಟೋ ತೆಗೀತಾನೆ ಅಂತ ಹೆಸರು ಬಂದ್ರೆ ಈ ಗೋಡೇಲಿ ಒಂದು ಮೊಳೆನೂ ಉಳಿಯಲ್ಲ" ಎಂದರು ಭಾವ. "ಅವಳು ಹೇಳೋಕೆ ಮುಂಚೆ, ಅವಳ ಮಾತನ್ನ ಯಾರೂ ನಂಬದ ಹಾಗೆ ಮಾಡ್ಬೇಕಿತ್ತು. ಮಾಡಿದೆ."

"ಮಸಿಗೆ ಏನು ಮಾಡಿದ್ರಿ?"

ಅವರು ಒಂದು ಕ್ಲಿಪ್ಪನ್ನು ಒತ್ತುತ್ತ ಬಿಡುತ್ತ ಕೂತಿದ್ದರು. "ಇದ್ದಿಲು ಓಡಿದ ಬೆಳಿಗ್ಗೇನೇ ಅವಳನ್ನೂ ಅಂಗಳಕ್ಕೆ ಬಿಟ್ಟಾಗಿತ್ತು. ಬೆದರಿ ಮೇಲಕ್ಕೆದ್ದಳು, ಜಾರಿದಳು, ಮುಂಗಾಲು ಗೋಡೆಗೆ ಬಡೀತು. ಆಮೇಲೆ ಎದ್ದು ನೆಟ್ಟಗೇ ನಡೆದಳು. ಏನೂ ಆಗಿಲ್ಲ ಅಂದ್ಕೊಂಡ್ವಿ."

ಪಂದ್ಯದ ದಿನ ಆ ಕಾಲು ಯಾಕೆ ಮುರಿಯಿತು ಎಂದು ಯಾರೂ ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಆದರೆ ನನ್ನ ಕಿವಿ ಬೇರೆ ಕಡೆ ಸಿಕ್ಕಿಕೊಂಡಿತ್ತು.

ಅಂದ್ಕೊಂಡೆ ಎನ್ನಲಿಲ್ಲ. ಅಂದ್ಕೊಂಡ್ವಿ ಎಂದರು.

ನೆಗೆಟಿವ್ ಕೇಳಿದೆ. ಕೊಡುವುದಿಲ್ಲ ಎಂದು ಹಟ ಹಿಡಿಯುತ್ತಾರೆ, ಕಿತ್ತುಕೊಳ್ಳಬೇಕಾಗುತ್ತದೆ ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಭಾವ ಎದ್ದು ಡ್ರಾಯರ್ ಎಳೆದು, ತೆಳು ಕಾಗದದ ಚೀಲದಲ್ಲಿದ್ದ ಪಟ್ಟಿಯನ್ನು ತೆಗೆದು ಕೈಗಿಟ್ಟರು, ಅಂಗಡಿಯವನು ಸಾಮಾನು ಕಟ್ಟಿಕೊಟ್ಟಷ್ಟು ಸಲೀಸಾಗಿ.

"ಯಾವತ್ತೋ ಸುಟ್ಟುಹಾಕಬಹುದಿತ್ತಲ್ಲ ಇದನ್ನ?"

"ನೆಗೆಟಿವ್ ಸುಡೋ ಜಾತಿ ಅಲ್ಲ ನಾನು" ಎಂದರು, ಅದೊಂದು ದೊಡ್ಡ ಗುಣವೆಂಬಂತೆ. "ಮತ್ತೆ ಪೂರ್ತಿ ನೋಡು. ಒಂದನ್ನ ನೋಡಿ ಓಡಬೇಡ."

ಗಾಜಿನ ಪೆಟ್ಟಿಗೆಯ ದೀಪ ಹಾಕಿ ಪಟ್ಟಿಯನ್ನು ಹಾಸಿದೆ. ನೆಗೆಟಿವ್‌ನಲ್ಲಿ ಕಪ್ಪೆಲ್ಲ ಬಿಳಿ, ಬಿಳಿಯೆಲ್ಲ ಕಪ್ಪು. ಮೊದಲ ಚೌಕದಲ್ಲೇ ಇದ್ದಿಲು ಸಿಕ್ಕಿದ. ಬೆಳ್ಳಗಿನ ಕುದುರೆ, ಎಡಕ್ಕೆ ಓಟ, ಎಡಗೆನ್ನೆಯಲ್ಲಿ ಬಕಲ್ಲು, ಆಚೆ ಬದಿಯ ಬಲ ಮುಂಗಾಲು ಕಪ್ಪಾಗಿ ತೂಗುತ್ತಿದೆ. ಇದಕ್ಕಿಂತ ಸಾಕ್ಷಿ ಬೇಕಿರಲಿಲ್ಲ. ಅಕ್ಕ ಗೆದ್ದಿದ್ದಳು.

ಪಕ್ಕದ ಚೌಕಕ್ಕೆ ಭೂತಗನ್ನಡಿ ಸರಿಸಿದೆ.

ಮಸಿ ಹಿಂಗಾಲ ಮೇಲೆ ಎದ್ದಿದ್ದಾಳೆ. ಕತ್ತು ತಿರುಚಿಕೊಂಡಿದೆ, ಬಾಯಿ ತೆರೆದಿದೆ. ಏಣಿಗೆ ಒಂದು ಗೇಣಿನಾಚೆ ಅವಳ ಮುಂಗಾಲು ಗಾಳಿಯಲ್ಲಿದೆ. ಚೌಕದ ಅಂಚಿನಲ್ಲಿ ಒಬ್ಬರು ಎರಡೂ ಕೈಯಲ್ಲಿ ತಗಡು ಎತ್ತಿ ಅಲ್ಲಾಡಿಸುತ್ತಿದ್ದಾರೆ. ಕೈ ಆಡಿ ಆಡಿ ತಗಡು ಬರೀ ಗೀರಾಗಿದೆ. ಮುಖವೂ ಹಾಗೇ, ಕಪ್ಪನೆಯ ಒಂದು ಕಲೆ. ಗಂಡೋ ಹೆಣ್ಣೋ ಹೇಳಲಾಗುತ್ತಿರಲಿಲ್ಲ.

ಭಾವ ಕ್ಯಾಮೆರಾದ ಹಿಂದಿದ್ದರು. ಹಾಗಾದರೆ ತಗಡು ಹಿಡಿದವರು ಯಾರು?

ಕೇಳಿದೆ. ಭಾವ ನನ್ನ ಮುಖ ನೋಡಲಿಲ್ಲ. ಹಗ್ಗದ ಮೇಲಿನ ಫೋಟೋ ಒಂದನ್ನು ನೆಟ್ಟಗೆ ಮಾಡುತ್ತ, ನಾನು ಹೇಳಿದರೆ ನೀನು ನಂಬುವುದಿಲ್ಲ, ಇವತ್ತಂತೂ ನಂಬುವುದಿಲ್ಲ ಎಂದರು. ಆ ಮಾತಿನಲ್ಲಿ ಸೇಡಿರಲಿಲ್ಲ. ಕನಿಕರವಿತ್ತು, ಅದೇ ನನಗೆ ತಡೆಯಲಾಗಲಿಲ್ಲ. ಲಾಯದಲ್ಲಿ ಕೆಲಸ ಮಾಡುವವರನ್ನೆಲ್ಲ ಮನಸ್ಸಿನಲ್ಲೇ ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರ ಕೈಗೂ ಆ ತಗಡು ಕೊಟ್ಟು ನೋಡಿದೆ. ಯಾರಿಗೂ ಹೊಂದಲಿಲ್ಲ. ಅಕ್ಕನ ಅಪ್ಪಣೆಯಿಲ್ಲದೆ ಮಸಿಯನ್ನು ಅಂಗಳಕ್ಕೆ ಬಿಡುವ ಧೈರ್ಯ ಅವರಲ್ಲಿ ಯಾರಿಗೂ ಇರಲಿಲ್ಲ.

ಆ ಯೋಚನೆಯನ್ನು ಅಲ್ಲಿಗೇ ಅದುಮಿದೆ.

ಕೆಳಗೆ ಕಾರು ನಿಂತ ಸದ್ದಾಯಿತು. ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಬರುವ ಹೆಜ್ಜೆ ಗುರುತು ಹಿಡಿಯಲು ಪತ್ತೇದಾರಿಯೇ ಆಗಬೇಕಿಲ್ಲ. ಪಟ್ಟಿಯನ್ನು ಕಾಗದದ ಚೀಲಕ್ಕೆ ತೂರಿಸಿ, ದೀಪ ಆರಿಸಿ ಹಜಾರಕ್ಕೆ ಬಂದೆ.

ಅಕ್ಕ ಬಾಗಿಲಲ್ಲಿ ನಿಂತು ಏದುಸಿರು ಬಿಡುತ್ತಿದ್ದಳು. ನಾನು ಇಲ್ಲಿಗೆ ಬಂದದ್ದನ್ನು ಅವಳಿಗೆ ಹೇಳಿರಲಿಲ್ಲ. ವಿಚಾರಣೆಗೆಂದು ಇಸ್ತ್ರಿ ಮಾಡಿದ ಬಟ್ಟೆ ಹಾಕಿದ್ದಳು, ಕೂದಲು ಬಿಗಿಯಾಗಿ ಕಟ್ಟಿದ್ದಳು. ಈ ಕೆಲವು ವಾರಗಳಲ್ಲಿ ಅವಳ ಕೆನ್ನೆಯ ಮೂಳೆ ಎದ್ದು ಬಂದಿತ್ತು.

"ಸಿಕ್ತಾ?"

"ಸಿಕ್ತು ಅಕ್ಕ. ಕುಂಟಿದ್ದು ಇದ್ದಿಲು. ನೆಗೆಟಿವ್ ಇಲ್ಲಿದೆ."

ಅವಳು ನನ್ನನ್ನು ತಬ್ಬಿಕೊಂಡು ಅತ್ತಳು. ಸದ್ದಿಲ್ಲದೆ, ಮೈಯೆಲ್ಲ ನಡುಗಿಸಿಕೊಂಡು ಅತ್ತಳು. ನಾನೂ ಅತ್ತೆ. ನೀನೊಬ್ಬಳು ನಂಬಿದೆ, ನೀನೊಬ್ಬಳೇ ಸಾಕು ನನಗೆ ಎಂದು ಕಿವಿಯಲ್ಲಿ ಹೇಳುತ್ತಲೇ ಇದ್ದಳು. ಅವಳ ಭುಜದ ಮೇಲಿನಿಂದ ನೋಡಿದರೆ ಭಾವ ಕತ್ತಲಕೋಣೆಯ ಬಾಗಿಲಿಗೆ ಒರಗಿ ನಿಂತಿದ್ದರು.

ಈಗ ಅಕ್ಕ ಅವರ ಮೇಲೆ ಎರಗುತ್ತಾಳೆ ಎಂದುಕೊಂಡೆ. ಫೋಟೋ ಕಳಿಸಿದವರು ಯಾರು ಎಂದಾದರೂ ಕೇಳುತ್ತಾಳೆ. ಕೇಳಲಿಲ್ಲ. ಗಂಡನ ಕಡೆ ಒಂದು ಸಲ ನೋಡಿದಳು, ಅವರೂ ನೋಡಿದರು. ಜಗಳ ಆಡಿ ಆಡಿ ಸೋತವರು ನೋಡುವ ಹಾಗೆ ಇತ್ತು ಆ ನೋಟ.

ಅಕ್ಕ ಕಣ್ಣೊರೆಸಿಕೊಂಡಳು. ನಾನು ಎದೆಗೆ ಒತ್ತಿ ಹಿಡಿದಿದ್ದ ಚೀಲ ಅವಳಿಗೆ ಕಂಡಿತು. ಅವಳ ಮುಂದೆ ನಾನಿನ್ನೂ ಅದನ್ನು ಬಿಚ್ಚಿರಲಿಲ್ಲ, ಅದರಲ್ಲಿ ಎಷ್ಟು ಚೌಕಗಳಿವೆ ಎಂದೂ ಹೇಳಿರಲಿಲ್ಲ.

"ಇದ್ದಿಲಿನದೊಂದನ್ನ ಕತ್ತರಿಸಿ ಕೊಡೇ" ಎಂದಳು, ಕೈ ಚಾಚಿ. "ಅದರ ಪಕ್ಕದ್ದು ಸಮಿತಿಯವರಿಗೆ ಬೇಡ."

ಕತ್ತರಿಸಿದ ತುಂಡನ್ನು ವಿಚಾರಣಾಧಿಕಾರಿ ಮುಟ್ಟುವುದಿಲ್ಲ ಎಂದು ನನಗೆ ಗೊತ್ತಿತ್ತು.

"ಪಕ್ಕದಲ್ಲಿ ಏನಿದೆ ಅಕ್ಕ?"

ಅವಳು ಮೆಟ್ಟಿಲ ಕಡೆ ಕಣ್ಣು ಹಾಯಿಸಿದಳು. ಕೆಳಗಿನ ಗಡಿಯಾರದಂಗಡಿಯಲ್ಲಿ ಯಾರೋ ವಿಚಾರಣಾಧಿಕಾರಿಗೆ ದಾರಿ ಹೇಳುತ್ತಿದ್ದರು. ಅಧಿಕಾರಿಯ ಬೂಟು ಮೊದಲ ಮೆಟ್ಟಿಲು ಹತ್ತಿತು.

"ಬೇಗ ಕೊಡೇ" ಎಂದಳು ಅಕ್ಕ. ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.